ಕರೆಯುವ ಹೆಸರು, ಬರೆಯುವ ಹೆಸರು

ಮಗು ಹುಟ್ಟಿದ ಮನೆಯಲ್ಲಿ ಹೆಸರು ಎರಡು ಸಲ ಹುಟ್ಟುತ್ತದೆ. ಮೊದಲನೆಯದು ಯಾರೂ ಹುಡುಕದೆ ತಾನಾಗಿ ಬರುತ್ತದೆ. ಅಜ್ಜಿ ಮಗುವಿಗೆ ಎಣ್ಣೆ ಹಚ್ಚುತ್ತ, ಕಾಲಮೇಲೆ ಮಲಗಿಸಿಕೊಂಡು ನೀರೆರೆಯುತ್ತ, ಅದು ಅತ್ತಾಗ ಸಮಾಧಾನಮಾಡುತ್ತ ಬಾಯಿಗೆ ಬಂದ ಮಾತನ್ನಾಡುತ್ತಾಳೆ. ಪುಟ್ಟ, ಚಿನ್ನು, ಗುಂಡ, ಬಂಗಾರಿ ಎನ್ನುತ್ತಾಳೆ. ಅವುಗಳಲ್ಲಿ ಒಂದು ಅಂಟಿಕೊಳ್ಳುತ್ತದೆ. ಎರಡನೆಯದನ್ನು ಮಾತ್ರ ಹುಡುಕಬೇಕು. ಅದಕ್ಕಾಗಿ ಪಂಚಾಂಗ ನೋಡಬೇಕು, ನಕ್ಷತ್ರಕ್ಕೆ ಹೊಂದುವ ಅಕ್ಷರ ಯಾವುದೆಂದು ವಿಚಾರಿಸಬೇಕು, ಸೋದರತ್ತೆಯ ಮಾತನ್ನು ನಡೆಸಬೇಕು, ಮನೆದೇವರನ್ನು ಮರೆಯಬಾರದು. ಮೊದಲನೆಯದು ಕರೆಯುವ ಹೆಸರು. ಎರಡನೆಯದು ಬರೆಯುವ ಹೆಸರು.

ನಮ್ಮ ಹಿರಿಯರ ಕಾಲದಲ್ಲಿ ಈ ಎರಡರ ನಡುವಣ ದಾರಿ ಸಾಮಾನ್ಯವಾಗಿ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತಿತ್ತು. ತೊಟ್ಟಿಲಲ್ಲಿ ಶ್ರೀನಿವಾಸನೆನಿಸಿಕೊಂಡವನು ಅಂಗಳಕ್ಕೆ ಬರುವಷ್ಟರಲ್ಲಿ ಸೀನನಾಗಿರುತ್ತಿದ್ದ. ಕೃಷ್ಣ ಕಿಟ್ಟಿಯಾಗುತ್ತಿದ್ದ, ನಾರಾಯಣ ನಾಣಿಯಾಗುತ್ತಿದ್ದ; ಜಾನಕಿ ಜಾನುವೂ ಪದ್ಮಾವತಿ ಪದ್ದುವೂ ಆಗುತ್ತಿದ್ದರು. ಧಾರವಾಡದ ಕಡೆ ಬಸವರಾಜ ಬಸ್ಯಾ, ಮಲ್ಲಿಕಾರ್ಜುನ ಮಲ್ಲ್ಯಾ. ಹೊಳೆಯ ನೀರು ಕಲ್ಲನ್ನು ಸವೆಸುವಂತೆ ಮನೆಯವರ ನಾಲಗೆ ಹೆಸರನ್ನು ಸವೆಸಿ ನುಣುಪುಮಾಡುತ್ತಿತ್ತು. ಈಗೀಗ ದಾರಿ ತಿರುಗಿರುವುದನ್ನು ಕಾಣುತ್ತೇವೆ. ಮೊದಲು ಮುದ್ದಿನ ಹೆಸರು ನಿಶ್ಚಯವಾಗುತ್ತದೆ. ಬಳಿಕ ಅದಕ್ಕೆ ಒಪ್ಪುವ ಉದ್ದನೆಯ ಹೆಸರಿಗಾಗಿ ಹುಡುಕಾಟ ನಡೆಯುತ್ತದೆ. ದೀಪು ಎಂದು ಕರೆಯುವ ಆಸೆಗೆ ದೀಪಿಕಾ ಅಥವಾ ಪ್ರದೀಪ, ಅಮ್ಮು ಎನ್ನುವುದಕ್ಕೆ ಅಮೂಲ್ಯ, ಅಚ್ಚು ಎನ್ನುವುದಕ್ಕೆ ಅಚ್ಯುತ, ನಂದು ಎನ್ನುವುದಕ್ಕೆ ನಂದನ ಇಲ್ಲವೆ ನಂದಿನಿ. ಚೆಂದದ ಗುಂಡಿಯೊಂದು ಸಿಕ್ಕಿತೆಂದು ಅದಕ್ಕೊಂದು ಅಂಗಿ ಹೊಲಿಸಿದ ಹಾಗೆ.

ನನಗೆ ಪರಿಚಯದ ಒಂದು ಮನೆಯಲ್ಲಿ ಹೀಗೇ ಆಯಿತು. ಹೆಣ್ಣುಮಗು ಹುಟ್ಟಿದ ಮೂರನೆಯ ದಿನಕ್ಕೇ ಚಿನ್ನು ಆಗಿಬಿಟ್ಟಿತ್ತು. ಕನ್ನಡದ ಮೇಷ್ಟರೆಂಬ ಕಾರಣಕ್ಕೆ ನನ್ನ ಬಳಿಗೆ ಬಂದ ಮಗುವಿನ ತಂದೆ, "ಸಾರ್, ಚಿನ್ನು ಅಂತ ಕರೆಯೋದಕ್ಕೆ ಬರೋ ಹಾಗೆ ಒಂದು ಒಳ್ಳೆ ಹೆಸರು ಹೇಳಿ" ಎಂದರು. ಮಗುವಿನ ತಾತನಿಗೆ ಬೇರೆ ಆಸೆಯಿತ್ತು. ಕಷ್ಟದಲ್ಲಿ ತಮ್ಮನ್ನು ಸಾಕಿ ಓದಿಸಿದ ತಾಯಿಯ ಹೆಸರು ಸುಬ್ಬಲಕ್ಷ್ಮಿ. ಆಕೆ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದುವು. ಆ ಹೆಸರು ಮನೆಯಲ್ಲಿ ಮತ್ತೆ ಕೇಳಿಸಬೇಕೆಂದು ಅವರು ಬಯಸಿದ್ದರು. "ಅದರಲ್ಲಿ ಚಿನ್ನು ಎಲ್ಲಿ ಬರತ್ತೆ ಅಪ್ಪ?" ಎಂದು ಮಗ ಕೇಳಿದರು. "ಚಿನ್ನು ಅನ್ನೋದಕ್ಕೆ ನಿಮಗೆ ಯಾರ ಅಪ್ಪಣೆ ಬೇಕಯ್ಯ?" ಎಂದು ಮುದುಕರು ತಿರುಗಿ ಕೇಳಿದರು. ಇಬ್ಬರ ಮಾತಿನಲ್ಲಿಯೂ ಪ್ರೀತಿಯಿತ್ತು. ನ್ಯಾಯ ಯಾರ ಕಡೆಗೆ ಎಂಬುದು ಸುಲಭವಾಗಿ ತೀರುವ ಪ್ರಶ್ನೆಯಾಗಿರಲಿಲ್ಲ.

ಇಷ್ಟು ಸಣ್ಣ ಮಾತಿಗೆ ನ್ಯಾಯ ಧರ್ಮಗಳ ವಿಚಾರವೇಕೆ ಎಂದು ವಾಚಕರು ನಗಬಹುದು. ಆದರೆ ಹೆಸರೆಂಬುದು ಕೇಳದೆ ಕೊಡುವ ದಾನ. ಅಂಗಿ ಹಿಡಿಸದಿದ್ದರೆ ಮಗು ಅತ್ತು ಕಳಚಿಸಿಕೊಳ್ಳುತ್ತದೆ. ಹೆಸರು ಹಿಡಿಸದಿದ್ದರೆ ಅಳುವಷ್ಟು ತಿಳಿವಳಿಕೆ ಬರುವ ವೇಳೆಗೆ ಹೆಸರು ಮೈಗೆ ಹತ್ತಿಬಿಟ್ಟಿರುತ್ತದೆ. ಇದಲ್ಲದೆ, ನಮ್ಮ ಹೆಸರನ್ನು ನಾವು ಬಳಸುವುದಕ್ಕಿಂತ ಇತರರು ಬಳಸುವುದೇ ಹೆಚ್ಚು. ಕೊಟ್ಟವರು ಒಬ್ಬರು, ಹೊತ್ತವರು ಒಬ್ಬರು, ಬಳಸುವವರು ಊರಿಗೆ ಊರೇ. ಇಂಥ ವಸ್ತುವನ್ನು ಆರಿಸುವಾಗ ಯಾರ ಸಂತೋಷವನ್ನು ಮುಂದಿಟ್ಟುಕೊಳ್ಳಬೇಕು ಎಂಬುದು ಯೋಚಿಸತಕ್ಕ ಮಾತೇ ಸರಿ.

ಮೊದಲು ತಂದೆತಾಯಿಗಳ ಪಕ್ಷವನ್ನು ನೋಡೋಣ. ಮುದ್ದಿನ ಹೆಸರೂ ಶಾಲೆಯ ಹೆಸರೂ ಒಂದಕ್ಕೊಂದು ಸಂಬಂಧವಿಲ್ಲದೆ ಇದ್ದರೆ ಮಗುವಿಗೆ ಗಲಿಬಿಲಿಯಾಗುತ್ತದೆಂದು ಅವರು ಹೇಳುತ್ತಾರೆ. ಅದು ಸುಳ್ಳಲ್ಲ. ಶಾಲೆಗೆ ಸೇರಿದ ಮೊದಲ ದಿನ ಮೇಷ್ಟರು ಹಾಜರಿ ಕೂಗುವಾಗ ತನ್ನ ಹೆಸರೇ ತನಗೆ ತಿಳಿಯದೆ ಸುಮ್ಮನೆ ಕುಳಿತ ಮಕ್ಕಳ ಕಥೆ ಪ್ರತಿ ಬಂಧುಬಳಗದಲ್ಲಿಯೂ ಒಂದೆರಡಾದರೂ ಸಿಕ್ಕುತ್ತದೆ. ದೊಡ್ಡ ಹೆಸರಿನಲ್ಲಿ ಚಿಕ್ಕದರ ನಾದವಿದ್ದರೆ ಮನೆಯ ಅಂಗಳದಿಂದ ಶಾಲೆಯ ಬಾಗಿಲಿಗೆ ನಡೆದುಹೋಗಲು ಒಂದು ಕಾಲುದಾರಿ ಇದ್ದಂತೆ. ಅಲ್ಲದೆ ಪ್ರೀತಿಯಿಂದ ತಾನಾಗಿ ಹುಟ್ಟಿದ ಹೆಸರನ್ನು ಬದಿಗಿಟ್ಟು ಪುಸ್ತಕದಿಂದ ಹೆಕ್ಕಿದ ಹೆಸರನ್ನು ಎದುರಿಗೆ ನಿಲ್ಲಿಸುವುದೆಂದರೆ, ನಿಜವಾದುದನ್ನು ಒಳಗೆ ಬಚ್ಚಿಟ್ಟು ತೋರಿಕೆಯದನ್ನು ಹೊರಗೆ ಕಳಿಸಿದ ಹಾಗಲ್ಲವೆ ಎಂಬುದೂ ಅವರ ಮಾತು. ಇದನ್ನು ತಳ್ಳಿಹಾಕುವುದು ಕಷ್ಟ.

ಆದರೂ ಒಬ್ಬನಿಗೆ ಎರಡು ಮೂರು ಹೆಸರುಗಳಿರುವುದು ನಮಗೆ ಹೊಸದೇನಲ್ಲ. ಆಶ್ವಲಾಯನ ಗೃಹ್ಯಸೂತ್ರದಲ್ಲಿ ನಾಮಕರಣದ ವಿಧಿ ಇದೆ. ಹೆಸರು ಘೋಷಾಕ್ಷರದಿಂದ ಮೊದಲಾಗಬೇಕು, ನಡುವೆ ಅಂತಸ್ಥಾಕ್ಷರ ಬರಬೇಕು, ಎರಡು ಅಥವಾ ನಾಲ್ಕು ಅಕ್ಷರಗಳಿರಬೇಕು ಎಂದೆಲ್ಲ ಹೇಳಿದ ಮೇಲೆ, ಇನ್ನೊಂದು ಹೆಸರನ್ನೂ ನೋಡಿಡಬೇಕೆಂದು ಆ ಗ್ರಂಥ ವಿಧಿಸುತ್ತದೆ. ಆ ಎರಡನೆಯ ಹೆಸರು ಮುಂದೆ ಹುಡುಗ ಗುರುಹಿರಿಯರಿಗೆ ಅಭಿವಾದನ ಹೇಳುವಾಗ ಬಳಸತಕ್ಕದ್ದು. ಉಪನಯನದವರೆಗೆ ಅದು ತಾಯಿತಂದೆಗಳಿಗೆ ಮಾತ್ರ ಗೊತ್ತಿರಬೇಕು. ಎಂದರೆ ಹೊರಗಿನ ಲೋಕದಲ್ಲಿ ಅವನು ಹೇಳಿಕೊಳ್ಳಬೇಕಾದ ಹೆಸರನ್ನು ಅಷ್ಟು ವರ್ಷಗಳ ಕಾಲ ಅವನ ಸೊತ್ತಾಗಿ ಕಾಪಾಡಿ, ಅವನು ಆ ಲೋಕಕ್ಕೆ ಕಾಲಿಡುವ ದಿನ ಒಪ್ಪಿಸಬೇಕು. ಇಂದಿಗೂ ಹರಿವಾಣದಲ್ಲಿ ಅಕ್ಕಿ ಹರಡಿ ಚಿನ್ನದ ಉಂಗುರದಿಂದ ಹೆಸರು ಬರೆಯುವ ಮನೆಗಳಲ್ಲಿ ದೇವತಾನಾಮ, ಮಾಸನಾಮ, ನಕ್ಷತ್ರನಾಮ, ವ್ಯಾವಹಾರಿಕನಾಮ ಎಂದು ಒಂದೇ ಮಗುವಿಗೆ ನಾಲ್ಕು ಹೆಸರುಗಳನ್ನು ಬರೆಯುವುದುಂಟು. ಅವು ನಾಲ್ಕೂ ಒಂದೇ ಅಕ್ಷರದಿಂದ ಹುಟ್ಟಬೇಕೆಂದು ಯಾರೂ ಹಟಹಿಡಿಯುವುದಿಲ್ಲ.

ಮುದ್ದಿನ ಹೆಸರಿಗೆ ನಮ್ಮ ಮನೆಗಳಲ್ಲಿ ಇನ್ನೊಂದು ಮೂಲವೂ ಇತ್ತು. ಹಿರಿಯ ಮೊಮ್ಮಗನಿಗೆ ಅಜ್ಜನ ಹೆಸರನ್ನಿಡುವುದು ವಾಡಿಕೆ. ಸೊಸೆಯಾದವಳು ಮಾವನ ಹೆಸರನ್ನು ಬಾಯಲ್ಲಿ ಹೇಳುವಂತಿಲ್ಲ. ಹಾಗಾದರೆ ತಾನು ಹೆತ್ತ ಮಗನನ್ನು ಅವಳು ಏನೆಂದು ಕರೆಯಬೇಕು? ಅಪ್ಪಯ್ಯ, ಪುಟ್ಟ, ರಾಜ, ಮುದ್ದು ಎಂಬ ಎಷ್ಟೋ ಹೆಸರುಗಳು ಈ ಸಂಕಟದಿಂದ ಹುಟ್ಟಿದುವು. ಕರೆಯುವ ಹೆಸರು ಪ್ರೀತಿಯ ಕೂಸಷ್ಟೇ ಆಗಿರಲಿಲ್ಲ. ಸಂಕೋಚದ ಕೂಸೂ ಆಗಿತ್ತು. ನಮ್ಮಿಂದಾಚೆಗೆ ಬಂಗಾಳದವರು ಇದನ್ನೇ ಒಂದು ಪದ್ಧತಿಯಾಗಿ ಉಳಿಸಿಕೊಂಡು ಬಂದಿದ್ದಾರೆ. ಅಲ್ಲಿ ಮನೆಯ 'ಡಾಕ್ ನಾಮ್' ಬೇರೆ, ಹೊರಗಿನ 'ಭಾಲೋ ನಾಮ್' ಬೇರೆ. ಎರಡಕ್ಕೂ ಸಂಬಂಧ ಇರಬೇಕೆಂಬ ನಿಯಮವಿಲ್ಲ. ಲೋಕಕ್ಕೆಲ್ಲ ಸತ್ಯಜಿತ್ ರಾಯ್ ಆದವರು ಮನೆಯವರಿಗೆ ಮಾಣಿಕ್. ಇದರಿಂದ ಅವರಿಗೆ ಗಲಿಬಿಲಿಯಾಯಿತೆಂದು ಹೇಳುವಂತಿಲ್ಲ.

ಉದ್ದ ಹೆಸರನ್ನು ಕಿರಿದುಮಾಡುವುದು ಕೂಡ ಎಷ್ಟು ಹಳೆಯದೆಂದರೆ ಪಾಣಿನಿ ಅದಕ್ಕೆ ಸೂತ್ರಗಳನ್ನೇ ರಚಿಸಿದ್ದಾನೆ. ದೇವದತ್ತನೆಂಬ ಉದ್ದನೆಯ ಹೆಸರಿನವನು ಅಕ್ಕರೆಯ ಮಾತಿನಲ್ಲಿ ದೇವಿಕ, ದೇವಿಯ, ದೇವಿಲ ಎಂದಾಗುತ್ತಾನೆ. ಎರಡನೆಯ ಸ್ವರದಿಂದಾಚೆಗಿನದನ್ನು ಕತ್ತರಿಸಿ ಪ್ರತ್ಯಯ ಹಚ್ಚಬೇಕೆಂಬುದು ಅಲ್ಲಿನ ಲೆಕ್ಕ. ನಮ್ಮ ಅಜ್ಜಿಯರು ವ್ಯಾಕರಣ ಓದದೆ ಇದನ್ನೇ ಮಾಡಿದರು. ಈ ಅಕ್ಕರೆಗೆ ಪಾಣಿನಿ ಕೊಟ್ಟ ಹೆಸರು 'ಅನುಕಂಪಾ.' ಆದರೆ ಆ ಸೂತ್ರದ ಹತ್ತಿರದಲ್ಲಿಯೇ, ಒಂದೆರಡು ಸೂತ್ರಗಳ ಹಿಂದೆ, ಇನ್ನೊಂದು ಮಾತಿದೆ. ವತ್ಸನನ್ನು ವತ್ಸಕನೆಂದು ಮುದ್ದಿಸುವ ಅದೇ 'ಕ' ಪ್ರತ್ಯಯ ಕುತ್ಸೆಯ ಅರ್ಥದಲ್ಲಿಯೂ ಬರುತ್ತದೆ. ಕೆಲಸಕ್ಕೆ ಬಾರದ ಕುದುರೆ ಅಶ್ವಕ. ಮುದ್ದಿಗೂ ತಿರಸ್ಕಾರಕ್ಕೂ ಭಾಷೆ ಒಂದೇ ಪ್ರತ್ಯಯವನ್ನು ಇಟ್ಟುಕೊಂಡಿದೆ. ಈ ಎರಡು ಸೂತ್ರಗಳ ನೆರೆಹೊರೆಯಲ್ಲಿ ನಮ್ಮ ಪ್ರಶ್ನೆಯ ತಿರುಳಿದೆ ಎಂದು ನನಗೆ ತೋರುತ್ತದೆ.

ಕನ್ನಡದಲ್ಲಿಯೂ ಹಾಗೆಯೇ. "ಬಸ್ಯಾ, ಉಣ್ಣಾಕ ಬಾರೋ" ಎಂದು ತಾಯಿ ಕರೆದರೆ ಅದರಲ್ಲಿ ಜೇನಿದೆ. ಕುಸ್ತಿಯ ಕಣದಲ್ಲಿ ಗೆಳೆಯರು ಬಸ್ಯಾ ಎಂದರೆ ಅದು ಸಲಿಗೆ. ಅದೇ ಬಸಪ್ಪ ನಲವತ್ತು ವರ್ಷದವನಾಗಿ, ಮಕ್ಕಳ ತಂದೆಯಾಗಿ, ಕೂಲಿ ಕೇಳಲು ಹೋಗಿ ಒಡೆಯನ ಜಗಲಿಯ ಕೆಳಗೆ ನಿಂತಾಗ, ಜಗಲಿಯ ಮೇಲಿನ ಹತ್ತು ವರ್ಷದ ಹುಡುಗ "ಏನೋ ಬಸ್ಯಾ" ಎಂದರೆ? ಅಕ್ಷರಗಳು ಅವೇ, ಸ್ವರವೂ ಹೆಚ್ಚು ಕಡಿಮೆ ಅದೇ. ಒಂದರಲ್ಲಿ ಅಪ್ಪ ಎಂಬುದನ್ನು ಪ್ರೀತಿ ಕತ್ತರಿಸಿತು; ಇನ್ನೊಂದರಲ್ಲಿ ಅಧಿಕಾರ ಕತ್ತರಿಸಿತು. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಮಾರಪ್ಪ ಮಾರನಾದದ್ದೂ ತಿಮ್ಮಯ್ಯ ತಿಮ್ಮನಾದದ್ದೂ ಎಲ್ಲ ಸಲವೂ ಮುದ್ದಿನಿಂದಲ್ಲ. ಎಷ್ಟೋ ಜನರಿಗೆ ಕತ್ತರಿಸಲು ಉದ್ದ ಹೆಸರೇ ಇರಲಿಲ್ಲ. ಕರಿಯ, ಮಾರ, ಕೆಂಚ ಎಂಬ ತುಂಡು ಹೆಸರುಗಳೇ ಲೆಕ್ಕದ ಪುಸ್ತಕದಲ್ಲಿಯೂ ಸಾಲದ ಪತ್ರದಲ್ಲಿಯೂ ಅವರ ಪೂರ್ಣ ಹೆಸರುಗಳಾಗಿದ್ದುವು. ಅಂಥ ಮನೆಯ ತಂದೆ ತನ್ನ ಮಗನನ್ನು ಶಾಲೆಗೆ ಸೇರಿಸುವ ದಿನ ಮೇಷ್ಟರ ಮುಂದೆ ನಿಂತು ಅಪ್ಪ ಎಂದೋ ಕುಮಾರ ಎಂದೋ ರಾಜ ಎಂದೋ ಸೇರಿಸಿ ಬರೆಸಿದ್ದರೆ, ಅದು ಆಡಂಬರವಾಗಿರಲಿಲ್ಲ. ಮಗನಿಗೆ ಒಂದು ಸೂರು ಕಟ್ಟಿದಂತಿತ್ತು.

ಡಿ. ವಿ. ಗುಂಡಪ್ಪನವರು 1943ರಲ್ಲಿ ಕಗ್ಗವನ್ನು ಹೊರತಂದಾಗ ತಮ್ಮ ವಿವೇಕವನ್ನೆಲ್ಲ ಆಡಿಸಲು ಆರಿಸಿಕೊಂಡ ಹೆಸರು ಮಂಕುತಿಮ್ಮ. ಅಪ್ಪನೂ ಅಯ್ಯನೂ ಇಲ್ಲದ ಬರಿಯ ತಿಮ್ಮ, ಸಾಲದೆಂಬಂತೆ ಮಂಕು. ಜ್ಞಾನಿಯೊಬ್ಬ ತನ್ನನ್ನು ತಾನು ಹಾಗೆ ಕರೆದುಕೊಂಡರೆ ಅದು ವಿನಯವಾಗುತ್ತದೆ. ಇನ್ನೊಬ್ಬನನ್ನು ಹಾಗೆ ಕರೆಯುವ ಹಕ್ಕು ಅದರಿಂದ ಯಾರಿಗೂ ಬರುವುದಿಲ್ಲ. ಕಿರಿದಾದ ಹೆಸರಿನಲ್ಲಿರುವ ಸವಿಯಾಗಲಿ ಕಹಿಯಾಗಲಿ ಆ ಹೆಸರಿನದಲ್ಲ, ಕರೆಯುವವನ ನಾಲಗೆಯದು.

ಇಷ್ಟು ಒಪ್ಪಿದರೆ ಉದ್ದನೆಯ ಹೆಸರು ಇರುವುದು ಯಾರಿಗಾಗಿ ಎಂಬುದು ಸ್ಪಷ್ಟವಾಗುತ್ತದೆ. ನಮ್ಮನ್ನು ಪ್ರೀತಿಸುವವರಿಗೆ ಅದರ ಅಗತ್ಯವಿಲ್ಲ. ನಮ್ಮನ್ನು ಅರಿಯದವರಿಗಾಗಿ, ಪ್ರೀತಿಸಬೇಕಾದ ಕಾರಣವೇ ಇಲ್ಲದವರಿಗಾಗಿ ಅದು ಇದೆ. ಕಛೇರಿಯ ಗುಮಾಸ್ತ, ಆಸ್ಪತ್ರೆಯ ದಾದಿ, ನ್ಯಾಯಾಲಯದ ಜವಾನ, ಪರವೂರಿನ ಮನೆಯೊಡೆಯ, ಇವರೆಲ್ಲ ಮಗುವನ್ನು ಮುಂದೆ ಎಂದಾದರೂ ಕೂಗಿ ಕರೆಯಬೇಕಾದವರು. ಅವರಿಂದ ಪ್ರೀತಿಯನ್ನು ಬೇಡುವಂತಿಲ್ಲ, ಮರ್ಯಾದೆಯನ್ನು ಬೇಡಬಹುದು. ಕನ್ನಡದಲ್ಲಿ ಈ ವ್ಯತ್ಯಾಸ ಕಿವಿಗೇ ತಿಳಿಯುತ್ತದೆ. ಮುದ್ದಿನ ಹೆಸರಿನ ಹಿಂದೆ 'ನೀನು' ಬರುತ್ತದೆ, ಬಾರೋ ಬಾರೇ ಬರುತ್ತದೆ. ಉದ್ದನೆಯ ಹೆಸರಿನ ಹಿಂದೆ 'ನೀವು' ಬರುತ್ತದೆ, ಅವರು ಬರುತ್ತದೆ, ಬನ್ನಿ ಕುಳಿತುಕೊಳ್ಳಿ ಬರುತ್ತದೆ. ನಾಣಿಗಳು ಬಂದರು ಎಂದರೆ ನಗು ಬರುತ್ತದೆ. ನಾರಾಯಣರಾಯರು ಬಂದರು ಎಂದರೆ ಕುರ್ಚಿ ಬರುತ್ತದೆ.

ಕಾಲೇಜಿನಲ್ಲಿ ಪಾಠ ಹೇಳುವವರಿಗೆ ಈ ಗಡಿ ಆಗಾಗ ಕಣ್ಣಿಗೆ ಬೀಳುತ್ತದೆ. ಊರಿಂದ ಬಂದ ತಾಯಿಯೊಬ್ಬಳು ತರಗತಿಯ ಬಾಗಿಲಲ್ಲಿ ನಿಂತು "ನಮ್ಮ ಪುಟ್ಟು ಇದಾನಾ ಸಾರ್?" ಎಂದು ಕೇಳುತ್ತಾಳೆ. ಮೀಸೆ ಮೂಡಿದ ಹುಡುಗನೊಬ್ಬ ಕಿವಿಯವರೆಗೆ ಕೆಂಪಾಗಿ ಎದ್ದು ನಿಲ್ಲುತ್ತಾನೆ. ಅವನಿಗೆ ತಾಯಿಯ ಮೇಲೆ ಪ್ರೀತಿಯಿಲ್ಲವೆಂದಲ್ಲ. ಅರುವತ್ತು ಜನರ ಕಿವಿಗೆ ಬಿದ್ದ ಆ ಹೆಸರು ಇನ್ನು ತಾಯಿಯದಾಗಿ ಉಳಿಯುವುದಿಲ್ಲ, ನಾಳೆಯಿಂದ ಹಿಂದಿನ ಬೆಂಚಿನವರ ಆಟದ ಸಾಮಾನಾಗುತ್ತದೆ ಎಂಬುದು ಅವನಿಗೆ ಗೊತ್ತು. ಹೊರಗಿನವರು ಕೂಗುವ ಹೆಸರಿನಲ್ಲಿ ಮುದ್ದಿನ ಹೆಸರನ್ನು ಎದ್ದು ಕಾಣುವಂತೆ ಹೊಲಿದಿಟ್ಟರೆ, ಎಲ್ಲರ ಕೈಗೂ ಸುಲಭವಾಗಿ ಸಿಕ್ಕುವ ಜಾಗದಲ್ಲಿ ಮನೆಯ ಬೀಗದಕೈಯನ್ನು ತೂಗುಹಾಕಿದಂತಾಗುವುದೂ ಉಂಟು.

ಹಾಗೆಂದು ಮುದ್ದಿನ ಹೆಸರನ್ನು ಅನುಸರಿಸಿ ದೊಡ್ಡ ಹೆಸರನ್ನು ಆರಿಸುವುದೇ ತಪ್ಪೆಂದು ಹೇಳಲಾರೆ. ಅದಕ್ಕೆ ಒಂದು ಪರೀಕ್ಷೆಯಿದೆ. ಮುದ್ದಿನ ಹೆಸರನ್ನು ಮರೆತುಬಿಟ್ಟು, ದೊಡ್ಡ ಹೆಸರೊಂದನ್ನೇ ಎದುರಿಗಿಟ್ಟು ನೋಡಬೇಕು. ಆಗಲೂ ಅದು ನಿಲ್ಲುತ್ತದೆಯೆ? ಹದಿನೈದನೆಯ ವಯಸ್ಸಿಗೆ ಆ ಹುಡುಗಿ "ನನ್ನನ್ನು ಹಾಗೆ ಕರೆಯಬೇಡಿ" ಎಂದರೆ, ಉಳಿಯುವ ಹೆಸರಿನಲ್ಲಿ ಅವಳು ನೆಮ್ಮದಿಯಾಗಿ ವಾಸಮಾಡಬಲ್ಲಳೆ? ಅರುವತ್ತರ ಹಿರಿಯಳಾಗಿ, ಊರಿನ ವೈದ್ಯೆಯೋ ಪಂಚಾಯಿತಿಯ ಸದಸ್ಯೆಯೋ ಆಗಿ ಕುಳಿತಾಗ ಅದು ಅವಳಿಗೆ ಒಪ್ಪುತ್ತದೆಯೆ? ಅಚ್ಯುತನೆಂಬ ಹೆಸರು ಅಚ್ಚು ಇಲ್ಲದಿದ್ದರೂ ಅಚ್ಯುತನೇ. ಆದರೆ ಮುದ್ದಿನ ಎರಡಕ್ಷರವನ್ನು ಹಿಡಿದುಕೊಂಡು ಅದರ ಹಿಂದುಮುಂದಕ್ಕೆ ಅರ್ಥವಿಲ್ಲದ ಇನ್ನೆರಡು ಅಕ್ಷರ ಜೋಡಿಸಿ ಕಟ್ಟಿದ ಹೆಸರು, ಒಳಗಿನದು ಕಳಚಿದೊಡನೆ ಬರಿಯ ಹೊದಿಕೆಯಾಗಿ ಕುಸಿಯುತ್ತದೆ. ತೊಟ್ಟಿಲಿನ ಅಳತೆಗೆ ಮನೆ ಕಟ್ಟಿದವರು ಮಗು ಎದ್ದು ನಿಲ್ಲುವ ದಿನವನ್ನು ಮರೆತಿರುತ್ತಾರೆ.

ಆತುರವೂ ಬೇಕಾಗಿಲ್ಲ. 1969ರ ಜನನ ಮರಣ ನೋಂದಣಿ ಕಾಯಿದೆಯ ಪ್ರಕಾರ ಮಗುವಿನ ಜನನವನ್ನು ಹೆಸರಿಲ್ಲದೆಯೂ ದಾಖಲೆ ಮಾಡಿಸಬಹುದು. ಆಮೇಲೆ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರನ್ನು ಸೇರಿಸಬಹುದು. ತಡವಾದರೆ ಶುಲ್ಕ ಕೊಟ್ಟು 15 ವರ್ಷಗಳವರೆಗೂ ಸೇರಿಸಲು ಅವಕಾಶವಿದೆ. 2023ರ ತಿದ್ದುಪಡಿಯಿಂದೀಚೆಗೆ ಹುಟ್ಟುವ ಮಕ್ಕಳಿಗೆ ಶಾಲೆಗೆ ಸೇರುವುದರಿಂದ ಹಿಡಿದು ಪಾಸ್‌ಪೋರ್ಟಿನವರೆಗೆ ಜನನ ಪ್ರಮಾಣಪತ್ರವೇ ಹುಟ್ಟಿದ ದಿನ, ಸ್ಥಳಗಳಿಗೆ ಆಧಾರ. ಅಕ್ಕಿಯ ಮೇಲೆ ಬರೆದದ್ದನ್ನು ಕೈಯಾಡಿಸಿ ಅಳಿಸಬಹುದಾಗಿತ್ತು. ಈ ಕಾಗದದ ಮೇಲೆ ಬರೆದದ್ದನ್ನು ತಿದ್ದಿಸಲು ಬಾಗಿಲಿಂದ ಬಾಗಿಲಿಗೆ ಅಲೆಯಬೇಕು. ಮೊದಲ ವಾರದ ಮುದ್ದು ಉಕ್ಕುತ್ತಿರುವಾಗಲೇ ಜೀವಮಾನದ ಹೆಸರನ್ನು ಗೊತ್ತುಮಾಡಬೇಕೆಂಬ ಬಲವಂತವನ್ನು ಕಾನೂನೂ ಮಾಡುವುದಿಲ್ಲ.

ಹೆಸರು ಕೊಟ್ಟವರ ಮನಸ್ಸನ್ನು ಹೊತ್ತವರು ಎಷ್ಟು ದೂರ ಹೊರಬೇಕಾಗುತ್ತದೆ ಎಂಬುದಕ್ಕೆ ಕಟುವಾದ ನಿದರ್ಶನ ನಮ್ಮ ನೆರೆಯ ಮಹಾರಾಷ್ಟ್ರದಲ್ಲಿದೆ. ಗಂಡುಮಗು ಬೇಕೆಂದಿದ್ದ ಮನೆಗಳಲ್ಲಿ ಹೆಣ್ಣು ಹುಟ್ಟಿದಾಗ 'ನಕೋಶಿ', ಎಂದರೆ ಬೇಡವಾದವಳು, ಎಂದು ಹೆಸರಿಡುತ್ತಿದ್ದರು. 2011ರಲ್ಲಿ ಸಾತಾರಾ ಜಿಲ್ಲೆಯಲ್ಲಿ ಇಂಥ ಇನ್ನೂರಕ್ಕೂ ಹೆಚ್ಚು ಹೆಣ್ಣುಮಕ್ಕಳಿಗೆ ಬಹಿರಂಗವಾಗಿ ಸಮಾರಂಭ ನಡೆಸಿ ಹೊಸ ಹೆಸರುಗಳನ್ನು ಕೊಡಲಾಯಿತು. ನಮ್ಮಲ್ಲಿಯೂ ಹೆಣ್ಣುಮಕ್ಕಳು ಸಾಲಾಗಿ ಹುಟ್ಟಿದ ಮನೆಗಳಲ್ಲಿ ಸಾಕಮ್ಮ ಎಂದು ಹೆಸರಿಟ್ಟದ್ದುಂಟು. ಮುದ್ದಿನಿಂದ ಆರಿಸಿದ ಹೆಸರನ್ನೂ ತಿರಸ್ಕಾರದಿಂದ ಇಟ್ಟ ಹೆಸರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನನ್ನ ಉದ್ದೇಶವಲ್ಲ. ಆದರೆ ಎರಡಕ್ಕೂ ಅನ್ವಯಿಸುವ ಒಂದು ಮಾತಿದೆ. ಹೆಸರಿಡುವ ದಿನ ನಮ್ಮ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಬರೆದಿಡುವ ಓಲೆಯಲ್ಲ ಮಗು.

ಪ್ರೀತಿ ಮರ್ಯಾದೆಗಳೆರಡನ್ನೂ ಒಂದೇ ಹೆಸರಿನಲ್ಲಿ ಕೂಡಿಸುವ ಒಂದು ಉಪಾಯ ಕನ್ನಡಕ್ಕೆ ಬಹುಕಾಲದಿಂದ ಗೊತ್ತಿತ್ತು. ಮುದ್ದಿನ ಹೆಸರನ್ನು ನಿಘಂಟಿನಲ್ಲಿ ಅಡಗಿಸುವ ಬದಲು ನಮ್ಮ ಹಿರಿಯರು ಅದಕ್ಕೆ ಅಪ್ಪ, ಅಮ್ಮ, ಅಣ್ಣ, ಅಕ್ಕ, ಅಯ್ಯ ಎಂದು ಸೇರಿಸಿಬಿಡುತ್ತಿದ್ದರು. ಪುಟ್ಟ ಪುಟ್ಟಪ್ಪನಾದ, ಗುಂಡ ಗುಂಡಪ್ಪನಾದ, ಚಿಕ್ಕ ಚಿಕ್ಕಣ್ಣನಾದ, ಚೆನ್ನೆ ಚೆನ್ನಮ್ಮನಾದಳು. ಬ್ರಿಟಿಷರ ವಿರುದ್ಧ 1824ರಲ್ಲಿ ಹೋರಾಡಿದ ಕಿತ್ತೂರಿನ ರಾಣಿಯ ಹೆಸರು ಅಷ್ಟೇ: ಚೆಂದದ ಅಮ್ಮ. ಕುಪ್ಪಳ್ಳಿಯಲ್ಲಿ ಬೆಳೆದು ರಾಮಾಯಣವನ್ನು ಮತ್ತೆ ಕಟ್ಟಿದ ಕವಿಯ ಹೆಸರು ಪುಟ್ಟಪ್ಪ. 'ಪುಟ್ಟ' ಎಂಬುದು ಅವರ ಎತ್ತರಕ್ಕೆ ಅಡ್ಡಿಯಾಗಲಿಲ್ಲ. 'ಅಪ್ಪ' ಎಂಬುದು ಎತ್ತರಕ್ಕೆ ಕಾರಣವೂ ಆಗಲಿಲ್ಲ. ಬಸವಣ್ಣ ಎಂಬ ಹೆಸರನ್ನೇ ನೋಡಿ. ವೃಷಭ ಎಂಬ ಸಂಸ್ಕೃತ ಶಬ್ದ ಕನ್ನಡಿಗರ ನಾಲಗೆಯಲ್ಲಿ ಬಸವ ಎಂಬ ತದ್ಭವವಾಯಿತು, ಅದಕ್ಕೆ ಅಣ್ಣ ಸೇರಿತು. ಸವೆದ ಶಬ್ದವೊಂದಕ್ಕೆ ಮನೆಮಾತಿನ ಸಂಬಂಧವಾಚಕ ಸೇರಿ ನಾಡಿನ ಅತ್ಯಂತ ಗೌರವದ ಹೆಸರುಗಳಲ್ಲೊಂದಾಯಿತು.

ಇಂದಿನ ತಂದೆತಾಯಿಗಳು ಇದರ ವಿರುದ್ಧ ದಿಕ್ಕಿನಲ್ಲಿ ನಡೆಯುತ್ತಿದ್ದಾರೆ. ಕೇಶಿರಾಜ ತತ್ಸಮದಿಂದ ತದ್ಭವಕ್ಕೆ ಇಳಿಯುವ ದಾರಿಯನ್ನು ಹೇಳಿದ. ಇವರು ತದ್ಭವದಿಂದ ತತ್ಸಮಕ್ಕೆ ಏಣಿ ಹಾಕುತ್ತಾರೆ. ಅಚ್ಚಗನ್ನಡದ ಚಿನ್ನು ಮನೆಯೊಳಗೇ ಉಳಿದು, ಹೊರಗೆ ಹೋಗುವಾಗ ಚಿನ್ಮಯಿ ಎಂಬ ಸಂಸ್ಕೃತದ ಶಾಲು ಹೊದೆಯುತ್ತದೆ. ಚಿನ್ನಕ್ಕೂ ಚಿನ್ಮಯಕ್ಕೂ ಅರ್ಥದಲ್ಲಿ ಸಂಬಂಧವಿಲ್ಲ: ಒಂದು ಲೋಹ, ಇನ್ನೊಂದು ಚೈತನ್ಯದಿಂದ ತುಂಬಿದ್ದು. ನಾನು ಮೇಲೆ ಹೇಳಿದ ಮನೆಯಲ್ಲಿ ಕೊನೆಗೆ ಬರೆಸಿದ ಹೆಸರು ಇದೇ. ಅದು ತನ್ನ ಕಾಲಮೇಲೆ ತಾನು ನಿಲ್ಲುವ ಹೆಸರು. ನನ್ನ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ. ಆದರೆ ಸುಬ್ಬಲಕ್ಷ್ಮಿಯೂ ತೇರ್ಗಡೆಯಾಗುತ್ತಿತ್ತು. ಅವಳನ್ನು ಬಿಟ್ಟದ್ದು ಅವಳಲ್ಲಿ ಚಿನ್ನು ಇರಲಿಲ್ಲವೆಂಬ ಒಂದೇ ಕಾರಣಕ್ಕೆ. ಮುದುಕರ ಪ್ರಶ್ನೆಗೆ ಉತ್ತರ ಬರಲಿಲ್ಲ. ಚಿನ್ನು ಎನ್ನುವುದಕ್ಕೆ ಅಪ್ಪಣೆ ಯಾರದು ಬೇಕು?

ಇಲ್ಲಿ ಒಂದು ಆಕ್ಷೇಪಣೆಯನ್ನು ಕೇಳಲೇಬೇಕು. ಮುದ್ದಿನ ಹೆಸರಿಗೆ ದೊಡ್ಡ ಹೆಸರಿನಲ್ಲಿ ನೆಲೆ ಕೊಡದಿದ್ದರೆ ಅದು ಒಂದು ದಿನ ಕಳೆದುಹೋಗುವುದಿಲ್ಲವೆ? ನಮ್ಮ ಬಂಧುಗಳಲ್ಲಿ ಎಂಬತ್ತು ದಾಟಿದ ಹಿರಿಯರೊಬ್ಬರು, ತಮ್ಮ ಅಕ್ಕ ತೀರಿಕೊಂಡ ಮೇಲೆ, "ಇನ್ನು ನನ್ನನ್ನು ನಾಣಿ ಅನ್ನೋರು ಯಾರೂ ಉಳೀಲಿಲ್ಲ" ಎಂದರು. ಅವರ ಪಾಸ್‌ಬುಕ್ಕಿನಲ್ಲಿ, ಪಿಂಚಣಿ ಪತ್ರದಲ್ಲಿ, ಮನೆಯ ಬಾಗಿಲ ಹಲಗೆಯಲ್ಲಿ ನಾರಾಯಣ ಇದ್ದಾರೆ. ನಾರಾಯಣದೊಳಗೆ ನಾಣಿಯ ಅಕ್ಷರಗಳೂ ಇವೆ. ಆದರೂ ನಾಣಿ ಹೋದ. ಏಕೆಂದರೆ ನಾಣಿ ಆ ಅಕ್ಷರಗಳಲ್ಲಿ ಇರಲಿಲ್ಲ, ಅಕ್ಕನ ಗಂಟಲಿನಲ್ಲಿ ಇದ್ದ. ಕರೆಯುವ ಹೆಸರನ್ನು ಬರೆಯುವ ಹೆಸರಿನಲ್ಲಿ ಹೂತಿಟ್ಟು ಕಾಪಾಡಬಹುದೆಂಬುದು ನಮ್ಮ ಆಸೆಯಷ್ಟೇ ಹೊರತು ನಿಜವಲ್ಲ.

ಇದಕ್ಕೆ ತಿರುವುಮುರುವಾದ ನಿದರ್ಶನವನ್ನೂ ನಾಡು ಕಂಡಿದೆ. ರಾಜಕುಮಾರ್ ಅವರ ಕಿರಿಯ ಮಗ ಬಾಲನಟನಾಗಿದ್ದಾಗ ಮಾಸ್ಟರ್ ಲೋಹಿತ್. ಮುಂದೆ ಪುನೀತ್ ಆದರು. ಬರೆಯುವ ಹೆಸರು ಹೀಗೆ ಬದಲಾದರೂ ಮನೆಯಲ್ಲಿ ಕರೆಯುವ ಅಪ್ಪು ಬದಲಾಗಲಿಲ್ಲ. ಲೋಹಿತನಲ್ಲಾಗಲಿ ಪುನೀತನಲ್ಲಾಗಲಿ ಅಪ್ಪು ಎಂಬ ಹೆಸರನ್ನು ಹುಡುಕಿದರೆ ಪೂರ್ತಿಯಾಗಿ ಸಿಕ್ಕುವುದಿಲ್ಲ. 2002ರಲ್ಲಿ ಅದೇ ಹೆಸರಿನ ಚಿತ್ರ ಬಂದ ಮೇಲೆ ಮನೆಯ ಹೆಸರು ಊರಿನ ಹೆಸರಾಯಿತು. 2021ರಲ್ಲಿ ಅವರು ತೀರಿಕೊಂಡಾಗ ಕಂಡೂ ಅರಿಯದ ಜನ ಆ ಹೆಸರನ್ನು ಹೇಳಿಕೊಂಡು ಅತ್ತರು. ಪ್ರೀತಿ ಎಲ್ಲಿಯವರೆಗೆ ಹಬ್ಬುತ್ತದೆಯೋ ಮುದ್ದಿನ ಹೆಸರು ಅಲ್ಲಿಯವರೆಗೆ ಹಬ್ಬುತ್ತದೆ. ಅದಕ್ಕೆ ದಾಖಲೆಯ ಆಸರೆ ಬೇಕಾಗಲಿಲ್ಲ.

ಆದ್ದರಿಂದ ಹೆಸರು ಹುಡುಕುತ್ತಿರುವ ತಂದೆತಾಯಿಗಳಿಗೆ ಹೇಳಬಹುದಾದ ಮಾತು ಇಷ್ಟು. ಮುದ್ದಿನ ಹೆಸರು ನಿಮ್ಮದು. ಅದನ್ನು ಆಗಲೇ ಕೊಟ್ಟಿದ್ದೀರಿ, ಅದು ನಿಮ್ಮ ಬಾಯಲ್ಲಿರುವವರೆಗೆ ಇರುತ್ತದೆ. ಉದ್ದನೆಯ ಹೆಸರು ಮಗುವಿನದು. ನಿಮ್ಮ ಬಾಯಿ ಮುಚ್ಚಿದ ಮೇಲೂ ಅದು ಅದರೊಡನೆ ಇರಬೇಕು. ಮೊದಲನೆಯದನ್ನು ಆರಿಸುವಾಗ ನಿಮ್ಮ ಸಂತೋಷವನ್ನು ಕೇಳಿಕೊಂಡರೆ ಸಾಕಾಗಿತ್ತು. ಎರಡನೆಯದನ್ನು ಆರಿಸುವಾಗ ಇನ್ನೂ ಮಾತು ಬಾರದವರೊಬ್ಬರನ್ನು ಕೇಳಬೇಕಾಗಿದೆ. ಆ ಹೆಸರಿನಲ್ಲಿ ಮುದ್ದಿಗೂ ಒಂದಿಷ್ಟು ಎಡೆ ದೊರೆತರೆ ಒಳ್ಳೆಯದೇ ಆಯಿತು, ದೊರೆಯದಿದ್ದರೆ ನಷ್ಟವೇನಿಲ್ಲ. ಹೊಸಿಲಿನಿಂದಾಚೆಗೆ ಮಗು ಉದ್ದನೆಯ ಹೆಸರನ್ನು ಹೊತ್ತು ಹೊರಡಲಿ. ಸಂಜೆ ಹಿಂದಿರುಗಿದಾಗ ಒಳಗಿನಿಂದ ಚಿನ್ನು ಎಂದು ಕೂಗಲು ಯಾವ ದಾಖಲೆಯೂ ಅಡ್ಡಬರುವುದಿಲ್ಲ. ಎಂದಾದರೊಂದು ದಿನ ಅದು ಬಾಗಿಲಲ್ಲೇ ನಿಂತು, ಗೆಳೆಯರು ಜೊತೆಗಿದ್ದಾರೆಂದು ಕಣ್ಣಿನಲ್ಲೇ ಸನ್ನೆಮಾಡಿದರೆ, ಆ ಒಂದು ಸಂಜೆಯ ಮಟ್ಟಿಗೆ ಇಟ್ಟ ಹೆಸರನ್ನೇ ಪೂರ್ತಿಯಾಗಿ ಹೇಳಿ ಕರೆಯುವುದು ದೊಡ್ಡವರ ಧರ್ಮ.